ತಿಪ್ಪೆ ಸಾರಿಸಿದ್ದು ಸಾಕು, ತಿಪ್ಪೆ ಮುಚ್ಚೋಣ

ದನ ಸಾಕುವವರಿಂದಲೇ ಭೂಮಿ ಬಿಸಿಯಾಗುತ್ತಿದೆ ಅನ್ನೋ ಮೆಸೇಜು ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಸುತ್ತುತ್ತಿರುತ್ತದೆ. ಕಾರು, ವಿಮಾನ, ಎಸಿ ಬಿಟ್ಟು ನಮ್ಮ ಹಸುವಿನ ಸಗಣಿಯೇ ಇವರ ಕಣ್ಣಿಗೆ ಬಿತ್ತಾ ಎಂದು ರೈತರು ಸಿಟ್ಟಾಗುತ್ತಾರೆ. ಸಿಟ್ಟು ನ್ಯಾಯವಾದದ್ದೇ. ಆದರೆ ಸಗಣಿಯ ಮಾತು ಪೂರ್ತಿ ಸುಳ್ಳಲ್ಲ, ಮತ್ತು ಅದರಲ್ಲಿ ನಷ್ಟ ಆಗುತ್ತಿರುವುದು ಮೊದಲು ನಮಗೇ.

ಸಗಣಿಗೆ ಗಾಳಿ ಸಿಗದೆ ನೀರಲ್ಲಿ ಕೊಳೆತರೆ ಮೀಥೇನ್ ಹುಟ್ಟುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಇದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 27 ಪಟ್ಟು ಹೆಚ್ಚು ಶಾಖ ಹಿಡಿಯುತ್ತದೆ. ಒಣಗಿದ ರಾಶಿಯಲ್ಲಿ ಮೀಥೇನ್ ಬಹಳ ಕಡಿಮೆ. ಹಾಗಾಗಿ ನಮ್ಮ ಅಜ್ಜಂದಿರ ಕಾಲದ ತಿಪ್ಪೆ, ಅಂದರೆ ಸಗಣಿ, ಬೂದಿ, ರಾಗಿ ಹುಲ್ಲಿನ ಕಸ, ಒಣ ಎಲೆ ಎಲ್ಲ ಸೇರಿದ ತಿಪ್ಪೆ, ದೊಡ್ಡ ಅಪರಾಧಿಯೇನಲ್ಲ. ಹಸು ಮೆಲುಕು ಹಾಕುವಾಗ ತೇಗಿನಲ್ಲಿ ಬಿಡುವ ಮೀಥೇನೇ ಇದಕ್ಕಿಂತ ಎಷ್ಟೋ ಹೆಚ್ಚು.

ಆದರೆ ಕೊಟ್ಟಿಗೆ ಬದಲಾಗಿದೆ. ಚನ್ನರಾಯಪಟ್ಟಣ, ಹೊಳೆನರಸೀಪುರದ ಕಡೆ ಯಾವ ಊರಿಗೆ ಹೋದರೂ ಎಚ್‌ಎಫ್ ಹಸು, ಸಿಮೆಂಟ್ ನೆಲ, ಮೋಟರಿನ ಪೈಪು. ಬೆಳಿಗ್ಗೆ ಸಂಜೆ ತೊಳೆದ ನೀರು, ಗಂಜಲ, ಸಗಣಿ ಎಲ್ಲಾ ಒಟ್ಟಿಗೆ ಹಿತ್ತಲ ಗುಂಡಿಗೆ ಹೋಗಿ ನಿಲ್ಲುತ್ತದೆ. ಮೀಥೇನ್‌ಗೆ ಬೇಕಾದ ಜಾಗ ಅದೇ. ಸೊಳ್ಳೆಗೂ ಅದೇ. ಮಳೆಗಾಲದಲ್ಲಿ ಅದು ಉಕ್ಕಿ ಪಕ್ಕದ ಮನೆಯ ಬಾಗಿಲಿಗೆ ಬರುತ್ತದೆ, ಜಗಳ ಪಂಚಾಯ್ತಿ ತನಕ ಹೋಗುತ್ತದೆ.

ಇನ್ನೊಂದು ನಷ್ಟ ಕಣ್ಣಿಗೆ ಕಾಣೋದಿಲ್ಲ. ದನ ಹೊರಹಾಕುವ ಸಾರಜನಕದಲ್ಲಿ ಸುಮಾರು ಅರ್ಧ ಗಂಜಲದಲ್ಲೇ ಇರುತ್ತದೆ. ಮೂಗಿಗೆ ಖಾರವಾಗಿ ಹೊಡೆಯುವ ಆ ವಾಸನೆ ಅಮೋನಿಯಾದ್ದು, ಅಂದರೆ ನಿಮ್ಮ ಯೂರಿಯಾ ಗಾಳಿಗೆ ಹೋಗುತ್ತಿದೆ ಅಂತ ಅರ್ಥ. ಸ್ವಲ್ಪ ಸಾರಜನಕ ನೈಟ್ರಸ್ ಆಕ್ಸೈಡ್ ಆಗುತ್ತದೆ, ಅದು ಇಂಗಾಲದ ಡೈಆಕ್ಸೈಡ್‌ಗಿಂತ 270 ಪಟ್ಟು ಕೆಟ್ಟದ್ದು. ಲೆಕ್ಕ ಹಾಕಿ ನೋಡಿ: ಒಳ್ಳೆ ಕೊಟ್ಟಿಗೆ ಗೊಬ್ಬರದಲ್ಲಿ ಶೇ 0.5ರಷ್ಟು ಸಾರಜನಕ ಇದ್ದರೆ ನಾಲ್ಕು ಟನ್ನಿಗೆ 20 ಕೆಜಿ. 45 ಕೆಜಿಯ ಒಂದು ಮೂಟೆ ಯೂರಿಯಾದಲ್ಲಿ ಇರುವುದೂ ಹೆಚ್ಚುಕಮ್ಮಿ ಅಷ್ಟೇ. ಬಿಸಿಲು ಮಳೆಗೆ ಬಿಟ್ಟ ತಿಪ್ಪೆಯಲ್ಲಿ ಅದರ ದೊಡ್ಡ ಪಾಲು ಇರೋದೇ ಇಲ್ಲ. ಆಮೇಲೆ ಸೊಸೈಟಿ ಮುಂದೆ ಕ್ಯೂ ನಿಲ್ಲುತ್ತೇವೆ.

ಹಾಸನ, ಅರಕಲಗೂಡು ಕಡೆ ಆಲೂಗಡ್ಡೆ, ಶುಂಠಿ ಹಾಕುವವರು ಬೇಸಿಗೆಯಲ್ಲೇ ಗೊಬ್ಬರ ಹೊಡೆದು ಹೊಲದ ತುಂಬ ಸಣ್ಣ ಗುಡ್ಡೆ ಮಾಡಿ ಬಿಡುತ್ತಾರೆ. ಮಳೆ ಬರುವ ತನಕ ಅದು ಒಣಗುತ್ತಾ ಇರುತ್ತದೆ. ಇದೊಂದು ಅಭ್ಯಾಸ ಬಿಟ್ಟು, ಹರಡಿದ ದಿನವೇ ಉತ್ತು ಮಣ್ಣಿಗೆ ಸೇರಿಸಿದರೂ ಎಷ್ಟೋ ಉಳಿಯುತ್ತದೆ. ಖರ್ಚಿಲ್ಲದ ಕೆಲಸ, ಟ್ರ್ಯಾಕ್ಟರ್ ಸಿಗುವ ದಿನ ನೋಡಿಕೊಳ್ಳಬೇಕು ಅಷ್ಟೆ.

ಗೋಬರ್ ಗ್ಯಾಸ್ ಇದಕ್ಕೆಲ್ಲ ಒಳ್ಳೆ ಉತ್ತರ, ಮೀಥೇನ್ ಒಲೆಯಲ್ಲಿ ಉರಿದು ಹೋಗುತ್ತದೆ, ಸ್ಲರಿ ಗೊಬ್ಬರವಾಗುತ್ತದೆ. ಒಂದು ಕೆಜಿ ಸಗಣಿಗೆ ಸುಮಾರು 40 ಲೀಟರ್ ಗ್ಯಾಸ್. ಎರಡು ಘನ ಮೀಟರಿನ ಘಟಕಕ್ಕೆ ದಿನಕ್ಕೆ 50 ಕೆಜಿ, ಅಂದರೆ ನಾಲ್ಕು ಹಸು ಬೇಕು. ಹಿಂದೆ ಸಬ್ಸಿಡಿಯಲ್ಲಿ ಕಟ್ಟಿಸಿದ ಗುಮ್ಮಟಗಳು ಬಿರುಕು ಬಿಟ್ಟು ಹಿತ್ತಲಲ್ಲಿ ಬಿದ್ದಿರುವುದನ್ನು ನೀವೂ ನೋಡಿರುತ್ತೀರಿ. ಸಿಲಿಂಡರ್ ಬಂತು, ಹಸು ಎರಡಕ್ಕಿಳಿಯಿತು, ರಿಪೇರಿಗೆ ಯಾರೂ ಬರಲಿಲ್ಲ. ಕಟ್ಟಲು ದುಡ್ಡು ಕೊಡುವ ಸರ್ಕಾರ ರಿಪೇರಿಗೂ ಕೊಡಬೇಕು. ಹೊಸದಕ್ಕಿಂತ ಹಳೆಯದನ್ನು ಎಬ್ಬಿಸುವುದು ಅಗ್ಗ. ನರೇಗಾ ಕೊಟ್ಟಿಗೆಯ ಕಥೆಯೂ ಹೀಗೇ: ಗಟ್ಟಿ ನೆಲ, ಗೋದಲಿ, ಗಂಜಲದ ತೊಟ್ಟಿ ಮೂರೂ ಇರಬೇಕಿತ್ತು. ಬಿಲ್ ಪಾಸಾದ ಮೇಲೆ ತೊಟ್ಟಿ ಉಪಯೋಗಿಸುತ್ತಾರಾ ಅಂತ ಕೇಳೋರಿರಲಿಲ್ಲ.

ನನ್ನ ಮುಖ್ಯ ತಕರಾರು ಹಾಲಿನ ವ್ಯವಸ್ಥೆಯ ಮೇಲೆ. ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಇದೆ, ಫ್ಯಾಟ್ ನೋಡಲು ಯಂತ್ರ ಇದೆ, ಡಾಕ್ಟರ್ ಬರುತ್ತಾರೆ. ಹಸು ದಿನಕ್ಕೆ ಹತ್ತು ಹದಿನೈದು ಕೆಜಿ ಸಗಣಿಯನ್ನೂ ಕೊಡುತ್ತದಲ್ಲ, ಅದರ ಬಗ್ಗೆ ಸಂಘದ ಸಭೆಯಲ್ಲಿ ಒಂದು ಮಾತಿಲ್ಲ. ಛತ್ತೀಸ್‌ಗಢ 2020ರಲ್ಲಿ ಕೆಜಿಗೆ 2 ರೂಪಾಯಿಯಂತೆ ಸಗಣಿ ಕೊಂಡಿತ್ತು. ಗುಜರಾತಿನ ಆನಂದ್ ಜಿಲ್ಲೆಯ ಜಕರಿಯಾಪುರದಲ್ಲಿ ಮನೆಮನೆಗೆ ಸಣ್ಣ ಗ್ಯಾಸ್ ಘಟಕ ಹಾಕಿ, ಮಹಿಳೆಯರ ಸಹಕಾರ ಸಂಘದ ಮೂಲಕ ಸ್ಲರಿ ಮಾರುವಂತೆ ಎನ್‌ಡಿಡಿಬಿ ಮಾಡಿತು. ಹಾಲಿನ ಸಹಕಾರವನ್ನು ಆನಂದ್‌ನಿಂದ ಕಲಿತವರು ನಾವು. ಹಾಸನ ಹಾಲು ಒಕ್ಕೂಟ ತಾಲ್ಲೂಕಿಗೆ ಒಂದು ಊರಿನಲ್ಲಾದರೂ ಇದನ್ನು ಮಾಡಿ ನೋಡಬಾರದೇ? ಸ್ಲರಿ ಕೊಳ್ಳೋರಿಗೆ ಇಲ್ಲಿ ಬರವಿಲ್ಲ, ಶುಂಠಿಯವರು ಎಲ್ಲೆಲ್ಲಿಂದಲೋ ಲಾರಿಯಲ್ಲಿ ಗೊಬ್ಬರ ತರಿಸುತ್ತಿದ್ದಾರೆ.

ಒಕ್ಕೂಟ ಎಚ್ಚರಾಗುವ ತನಕ ಕೊಟ್ಟಿಗೆ ತೊಳೆಯುವ ಮುಂಚೆ ಸಗಣಿ ಬಾಚಿ ಬೇರೆ ಇಡಿ. ಗಂಜಲದ ಕಾಲುವೆಯನ್ನು ತೆಂಗಿನ ಬುಡಕ್ಕೋ ಸೀಮೆಹುಲ್ಲಿಗೋ ತಿರುಗಿಸಿ. ತಿಪ್ಪೆಗೆ ಹುಲ್ಲು ಕಸ ಬೆರೆಸಿ ಮೇಲೆ ತೆಂಗಿನ ಗರಿ ಅಥವಾ ಹಳೇ ಟಾರ್ಪಾಲು ಹೊದಿಸಿ. ದೀಪಾವಳಿಯಲ್ಲಿ ತಿಪ್ಪೆಗೆ ಹುಚ್ಚೆಳ್ಳು ಹೂ ಇಟ್ಟು ಪೂಜೆ ಮಾಡುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಆ ದಿನ ಮಳೆಗೆ ಕೊಚ್ಚಿಹೋಗಿ ಉಳಿದಿರುವ ತಿಪ್ಪೆ ಎಷ್ಟಿದೆ ಅಂತಲೂ ಒಮ್ಮೆ ನೋಡಿ.