ಡಾಕ್ಟರ್ ಸೀಟಿಗೆ ಎಷ್ಟು ಕ್ವಿಂಟಲ್ ಭತ್ತ?



ಮನೆಯ ಹುಡುಗ ಪಿಯುಸಿಗೆ ಸೈನ್ಸ್ ತೆಗೆದುಕೊಂಡ ಅಂದರೆ ಸಾಕು, ಓಣಿಯವರೆಲ್ಲ ಅವನನ್ನು ಆಗಲೇ ಡಾಕ್ಟರ್ ಅಂತ ಕರೆಯೋಕೆ ಶುರು ಮಾಡುತ್ತಾರೆ. ಎತ್ತು ಕೊಳ್ಳುವಾಗ ಹಲ್ಲು ಎಣಿಸಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ ನೋಡುವವರು ನಾವು. ಬೀಜ ತರುವಾಗ ಮುಂಡಗೋಡದ ಅಂಗಡಿಗಳನ್ನೆಲ್ಲ ಸುತ್ತುವವರು ನಾವು. ಮೆಡಿಕಲ್ ಸೀಟಿನ ಮಾತು ಬಂದಾಗ ಮಾತ್ರ ನಮ್ಮ ಬಾಯಿಗೆ ಬೀಗ ಬೀಳುತ್ತದೆ. ಲೆಕ್ಕ ಕೇಳಿದರೆ ಮಗನ ಬಾಳಿಗೆ ಕಲ್ಲು ಹಾಕಿದ ಹಾಗೆ ಆಗುತ್ತದೆ ಅಂತ ಹೆದರಿಕೆ. ಆ ಹೆದರಿಕೆಯ ಮೇಲೇ ಈ ರಾಜ್ಯದಲ್ಲಿ ಒಂದು ದೊಡ್ಡ ವ್ಯಾಪಾರ ನಿಂತಿದೆ.

ಲೆಕ್ಕ ರೂಪಾಯಿಯಲ್ಲಿ ಬೇಡ. ರೂಪಾಯಿ ದಿನಾ ಬಣ್ಣ ಬದಲಿಸುತ್ತದೆ. ನಮಗೆ ಗೊತ್ತಿರುವ ಕ್ವಿಂಟಲಿನಲ್ಲೇ ಮಾಡೋಣ.

1989ರ ಜೂನಿನಲ್ಲಿ ಕರ್ನಾಟಕ ಸರ್ಕಾರ ಖಾಸಗಿ ಮೆಡಿಕಲ್ ಕಾಲೇಜುಗಳ ಫೀ ಗೊತ್ತು ಮಾಡಿ ಆದೇಶ ಹೊರಡಿಸಿತು. ಸರ್ಕಾರ ತುಂಬುವ ಸೀಟಿಗೆ ವರ್ಷಕ್ಕೆ 2,000 ರೂಪಾಯಿ. ಕಾಲೇಜಿನವರು ತುಂಬುವ ಸೀಟಿಗೆ ಕರ್ನಾಟಕದವರಾದರೆ 25,000, ಹೊರ ರಾಜ್ಯದವರಾದರೆ 60,000. ಆ ವರ್ಷ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲಿಗೆ 185 ರೂಪಾಯಿ ಇತ್ತು. ಅಂದರೆ ಸರ್ಕಾರಿ ಸೀಟಿನ ಒಂದು ವರ್ಷದ ಫೀ ಹನ್ನೊಂದು ಕ್ವಿಂಟಲ್ ಭತ್ತ, ಖಾಸಗಿ ಸೀಟಿನದು ನೂರಾ ಮೂವತ್ತೈದು ಕ್ವಿಂಟಲ್.

ಈಗಿನದನ್ನು ನೋಡಿ. 2025-26ಕ್ಕೆ ಸಾಮಾನ್ಯ ಭತ್ತಕ್ಕೆ 2,369 ರೂಪಾಯಿ ಬೆಂಬಲ ಬೆಲೆ. ಸರ್ಕಾರಿ ಕಾಲೇಜಿನ ಸೀಟಿಗೆ ಈಚಿನ ವರ್ಷಗಳಲ್ಲಿ ಅರವತ್ತು ಸಾವಿರದ ಆಸುಪಾಸು. ಅದು ಇಪ್ಪತ್ತೈದು ಕ್ವಿಂಟಲ್ ಆಯಿತು. ಖಾಸಗಿ ಕಾಲೇಜಿನಲ್ಲಿ ಸರ್ಕಾರಿ ಕೋಟಾದ ಸೀಟು ಒಂದೂವರೆ ಲಕ್ಷದ ಹತ್ತಿರ. ಅದೇ ಕಾಲೇಜು, ಅದೇ ಬೆಂಚು, ಅದೇ ಮಾಸ್ತರು, ಆದರೆ ರ‍್ಯಾಂಕು ಕೆಳಗಿಳಿದು ಖಾಸಗಿ ಕೋಟಾಕ್ಕೆ ಬಿದ್ದರೆ ವರ್ಷಕ್ಕೆ ಹನ್ನೆರಡು ಲಕ್ಷದ ಸುಮಾರು, ಅಂದರೆ ಐನೂರು ಕ್ವಿಂಟಲ್ ಮೇಲೆ. ಮ್ಯಾನೇಜ್‌ಮೆಂಟ್ ಸೀಟು, ಎನ್‌ಆರ್‌ಐ ಸೀಟು, ಡೀಮ್ಡ್ ವಿಶ್ವವಿದ್ಯಾಲಯ ಇವುಗಳ ಮಾತು ಬೇರೆಯೇ. ಅಲ್ಲಿ ನಮ್ಮ ತಕ್ಕಡಿ ಮುರಿದುಹೋಗುತ್ತದೆ.

ಹನ್ನೆರಡು ಲಕ್ಷದ ಹಾಗೆ ಐದು ವರ್ಷಕ್ಕೆ ಅರವತ್ತು ಲಕ್ಷ. ಎರಡೂವರೆ ಸಾವಿರ ಕ್ವಿಂಟಲ್ ಭತ್ತ. ನಮ್ಮ ಅತ್ತಿವೇರಿ ಸುತ್ತಿನ ಮಳೆ ನಂಬಿದ ಗದ್ದೆಯಲ್ಲಿ ಎಕರೆಗೆ ಹದಿನೆಂಟು ಕ್ವಿಂಟಲ್ ಬಂದರೆ ಪುಣ್ಯ. ಐದು ಎಕರೆ ಇರುವ ರೈತ ಗೊಬ್ಬರ, ಆಳು, ಟ್ರ್ಯಾಕ್ಟರ್ ಬಾಡಿಗೆ ಯಾವುದಕ್ಕೂ ಪೈಸೆ ಖರ್ಚು ಮಾಡದೆ, ಹೊಟ್ಟೆಗೂ ತಿನ್ನದೆ, ಬೆಳೆದದ್ದನ್ನೆಲ್ಲ ಬೆಂಬಲ ಬೆಲೆಗೇ ಮಾರಿದರೂ ಇಪ್ಪತ್ತೆಂಟು ವರ್ಷ ಬೇಕು. ಬೆಂಬಲ ಬೆಲೆ ಯಾರಿಗೆ ಸಿಕ್ಕಿದೆ ಅಂತ ಕೇಳಬೇಡಿ, ಅದು ಇನ್ನೊಂದು ಲೇಖನ.

ಇಲ್ಲಿ ಒಂದು ಮಾತು ಹೇಳಲೇಬೇಕು. ಖಾಸಗಿ ಕಾಲೇಜುಗಳ ಫೀ ಹೇಗೆ ಗೊತ್ತಾಗುತ್ತದೆ? ಕಾಲೇಜುಗಳ ಸಂಘದವರು ಸರ್ಕಾರದ ಜೊತೆ ಮೇಜಿನ ಮುಂದೆ ಕೂತು, ಖರ್ಚು ಹೆಚ್ಚಾಯಿತು ಅಂತ ಪಟ್ಟಿ ಕೊಟ್ಟು, ಚೌಕಾಸಿ ಮಾಡಿ ಒಪ್ಪಂದಕ್ಕೆ ರುಜು ಹಾಕುತ್ತಾರೆ. ನಮ್ಮ ಭತ್ತದ ಖರ್ಚಿನ ಪಟ್ಟಿ ಹಿಡಿದು ನಾವು ಯಾವ ಮೇಜಿನ ಮುಂದೆ ಕೂತಿದ್ದೇವೆ? ಎಪಿಎಂಸಿ ಅಂಗಳದಲ್ಲಿ ನಿಂತು "ಇವತ್ತು ಎಷ್ಟಕ್ಕ ಹೋತ್ರೀ" ಅಂತ ಕೇಳುವುದಷ್ಟೇ ನಮ್ಮ ಪಾಲು.

ಕಾನೂನು ಇಲ್ಲವೇ ಅಂದರೆ ಇದೆ. ಡೊನೇಶನ್ ತೆಗೆದುಕೊಳ್ಳಬಾರದು ಅಂತ ನಮ್ಮ ರಾಜ್ಯದಲ್ಲಿ ಕಾಯ್ದೆ ಆದದ್ದು 1984ರಲ್ಲಿ. ತುಮಕೂರಿನ ಕಾಲೇಜಿನಲ್ಲಿ ಸೀಟು ಕೇಳಿದ ಮೀರತ್ತಿನ ಮೋಹಿನಿ ಜೈನ್ ಎಂಬ ಹುಡುಗಿ 60,000 ಫೀ ಕಟ್ಟಲಾರದೆ ಸುಪ್ರೀಂ ಕೋರ್ಟಿಗೆ ಹೋದಾಗ, 1992ರಲ್ಲಿ ಕೋರ್ಟು ಕ್ಯಾಪಿಟೇಶನ್ ಫೀ ಸಂವಿಧಾನಕ್ಕೆ ವಿರೋಧ ಅಂತ ತೀರ್ಪು ಕೊಟ್ಟಿತು. ಮರುವರ್ಷವೇ ಉನ್ನಿಕೃಷ್ಣನ್ ಪ್ರಕರಣದಲ್ಲಿ ಅರ್ಧ ಸೀಟು ಕಡಿಮೆ ಫೀಗೆ, ಅರ್ಧ ಸೀಟು ಹೆಚ್ಚು ಫೀಗೆ ಅಂತ ಹಂಚಿಕೆ ಆಯಿತು. 2002ರಲ್ಲಿ ಟಿ.ಎಂ.ಎ. ಪೈ ಪ್ರಕರಣದಲ್ಲಿ ಆ ಹಂಚಿಕೆಯೂ ಬಿದ್ದು, ಕಾಲೇಜಿನವರು ತಮ್ಮ ಫೀ ತಾವೇ ಗೊತ್ತು ಮಾಡಬಹುದು, ಲಾಭಕೋರತನ ಮಾತ್ರ ಕೂಡದು ಅಂತಾಯಿತು. ಲಾಭ ಯಾವುದು, ಲಾಭಕೋರತನ ಯಾವುದು ಅಂತ ಬೇರೆ ಮಾಡುವ ಜರಡಿ ಇನ್ನೂ ಯಾರೂ ಹೆಣೆದಿಲ್ಲ.

ಇದಿಷ್ಟು ಕಣ್ಣಿಗೆ ಕಾಣುವ ಫೀ. ಕಾಣದ್ದು ಅದರ ಹಿಂದೆ ಇದೆ.

ನಮ್ಮ ಬಳಗದ ಒಬ್ಬ ಹುಡುಗನ ಜೊತೆ ನಾನೇ ಒಂದು ಖಾಸಗಿ ಕಾಲೇಜಿಗೆ ಹೋಗಿದ್ದೆ. ಮೊದಲ ವರ್ಷದ ಫೀ ಕಟ್ಟಿದ ಮೇಲೆ ಕೌಂಟರಿನ ಗುಮಾಸ್ತ ಇನ್ನೊಂದು ಕಾಗದ ಮುಂದೆ ತಳ್ಳಿದ. ಉಳಿದ ವರ್ಷಗಳ ಫೀಗೆ ಮುಂದಿನ ತಾರೀಖಿನ ಚೆಕ್ಕು ಬೇಕಂತೆ. ಹಾಸ್ಟೆಲ್ಲು, ಮೆಸ್ಸು, ಡಿಪಾಸಿಟ್ಟು, ಯೂನಿವರ್ಸಿಟಿ ಫೀ ಬೇರೆ ಬೇರೆ ರಸೀದಿ. ಒಂದೆರಡಕ್ಕೆ ರಸೀದಿಯೇ ಇಲ್ಲ. ಹುಡುಗನ ಮೂಲ ಅಂಕಪಟ್ಟಿಗಳು ಅವರ ಕಪಾಟಿನೊಳಗೆ. ಹುಡುಗನ ಅಪ್ಪ ನನ್ನ ಮುಖ ನೋಡಿದ, ನಾನು ಚೆಕ್ಕು ಬೇಡ ಅಂದೆ. ಅಲ್ಲಿ ಸಾಲಿನಲ್ಲಿ ನಿಂತವರು ನಮ್ಮನ್ನೇ ವಿಚಿತ್ರವಾಗಿ ನೋಡಿದರು. ಒಂದು ತಾಸು ವಾದ ಆದಮೇಲೆ ಚೆಕ್ಕಿಲ್ಲದೆ ಬಿಟ್ಟರು. ಕೇಳಿದರೆ ಬಿಡುತ್ತಾರೆ, ಕೇಳುವವರು ಸಾಲಿನಲ್ಲಿ ನಾವೊಬ್ಬರೇ ಇದ್ದೆವು.

ಎಂಬಿಬಿಎಸ್ ಪಾಠ ನಾಲ್ಕೂವರೆ ವರ್ಷ, ಆಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ಫೀ ನಾಲ್ಕೂವರೆ ವರ್ಷಕ್ಕೋ ಐದಕ್ಕೋ, ವರ್ಷ ವರ್ಷ ಏರುತ್ತದೋ ಇಲ್ಲವೋ, ಇಂಟರ್ನ್‌ಶಿಪ್ಪಿನಲ್ಲಿ ಹುಡುಗನಿಗೆ ಭತ್ಯೆ ಎಷ್ಟು ಕೊಡುತ್ತಾರೆ, ಇವನ್ನು ಬರವಣಿಗೆಯಲ್ಲಿ ಕೇಳಿ. ಬಾಯಿಮಾತಿನ ಭರವಸೆ ನಮ್ಮ ಅಡತಿ ಅಂಗಡಿಯ ಬಿಳಿ ಚೀಟಿ ಇದ್ದ ಹಾಗೆ.

ಇನ್ನು ಸಾಲ. ಶಿಕ್ಷಣ ಸಾಲಕ್ಕೆ ಬ್ಯಾಂಕುಗಳ ಸಾಮಾನ್ಯ ನಿಯಮದಲ್ಲಿ ಏಳೂವರೆ ಲಕ್ಷ ದಾಟಿದರೆ ಆಸ್ತಿ ಜಾಮೀನು ಬೇಕು. 2024ರಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಜಾಮೀನಿಲ್ಲದ ಸಾಲ ಉಂಟು, ಆದರೆ ಪಟ್ಟಿಯಲ್ಲಿರುವ ಸಂಸ್ಥೆಗೆ ಮೆರಿಟ್ ಮೇಲೆ ಸೇರಿದವರಿಗೆ. ಉಳಿದವರು ಪಹಣಿ ಹಿಡಿದು ಹೋಗಬೇಕು. ಪಹಣಿಯ ಹನ್ನೊಂದನೇ ಕಾಲಮ್ಮಿನಲ್ಲಿ ಆಗಲೇ ಸೊಸೈಟಿಯ ಬೆಳೆಸಾಲದ ಬೋಜಾ ಕೂತಿರುತ್ತದೆ. ನಮ್ಮ ಜಿಲ್ಲೆಯಲ್ಲಿ ಎಷ್ಟೋ ಜನರಿಗೆ ಉಳುವ ಭೂಮಿ ಅರಣ್ಯದ ಅತಿಕ್ರಮಣ ಲೆಕ್ಕದ್ದು, ಅದಕ್ಕೆ ಪಹಣಿಯೇ ಇಲ್ಲ. ಮೂವತ್ತು ವರ್ಷ ಉತ್ತರೂ ಬ್ಯಾಂಕಿನ ಮ್ಯಾನೇಜರಿಗೆ ಅದು ಕಾಡು.

ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ವರ್ಷಕ್ಕೆ ಎಂಟು ಲಕ್ಷದ ಹಾಗೆ ಐದು ಸಲ, ಒಟ್ಟು ನಲವತ್ತು ಲಕ್ಷ ಸಾಲ ತೆಗೆದಿರಿ ಅನ್ನಿ. ಬಡ್ಡಿ ನೂರಕ್ಕೆ ಹತ್ತು. ಕೋರ್ಸು ಮುಗಿದು ಒಂದು ವರ್ಷದವರೆಗೆ ಕಂತು ಕೇಳುವುದಿಲ್ಲ, ಆದರೆ ಬಡ್ಡಿ ನಿದ್ದೆ ಮಾಡುವುದಿಲ್ಲ. ಕಂತು ಶುರುವಾಗುವ ಹೊತ್ತಿಗೆ ಬರೀ ಸರಳ ಬಡ್ಡಿಯೇ ಹದಿನೆಂಟು ಲಕ್ಷ. ಐವತ್ತೆಂಟು ಲಕ್ಷಕ್ಕೆ ಹದಿನೈದು ವರ್ಷದ ಕಂತು ಹಾಕಿದರೆ ತಿಂಗಳಿಗೆ ಅರವತ್ತೆರಡು ಸಾವಿರ. ಬರೀ ಎಂಬಿಬಿಎಸ್ ಮುಗಿಸಿ ಗುತ್ತಿಗೆ ನೌಕರಿಗೆ ಸೇರಿದ ಹುಡುಗನ ಸಂಬಳ ಆ ಕಂತಿಗಿಂತ ಬಹಳ ಮೇಲೇನೂ ಇರುವುದಿಲ್ಲ. ಅವನು ಅಷ್ಟಕ್ಕೇ ನಿಲ್ಲುವುದೂ ಇಲ್ಲ, ಈಗ ಎಂಡಿ, ಎಂಎಸ್ ಇಲ್ಲದ ಡಾಕ್ಟರನ್ನು ಬೀಗರೂ ಕೇಳುವುದಿಲ್ಲ. ಅಲ್ಲಿಗೆ ಇನ್ನೂ ಮೂರು ವರ್ಷ, ಇನ್ನೊಂದು ಸೀಟು, ಇನ್ನೊಂದು ಫೀ. ಈ ಎರಡನೇ ಲೆಕ್ಕ ಹಾಕಿ ಮೊದಲ ಸೀಟಿಗೆ ಹೋದ ಒಬ್ಬ ತಂದೆಯನ್ನೂ ನಾನು ಕಂಡಿಲ್ಲ.

ಏಜೆಂಟ ಹೇಳುತ್ತಾನೆ, ಶಿಕ್ಷಣ ಸಾಲದ ಬಡ್ಡಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಇದೆ ಸಾಹೇಬ್ರೇ ಅಂತ. ಬೇಸಾಯದ ಆದಾಯಕ್ಕೆ ತೆರಿಗೆಯೇ ಇಲ್ಲ. ವಿನಾಯಿತಿಯನ್ನು ಯಾವ ಬುಟ್ಟಿಯಲ್ಲಿ ಹೊತ್ತು ತರೋಣ? ಇನ್ನು ಕೆಲವರು ಸೊಸೈಟಿಯ ಬೆಳೆಸಾಲ ಐದು ಲಕ್ಷದವರೆಗೆ ಬಡ್ಡಿಯಿಲ್ಲದೆ ಸಿಗುತ್ತದಲ್ಲ ಅಂತ ಅದನ್ನೇ ಫೀಗೆ ತಿರುಗಿಸುತ್ತಾರೆ. ವಾಯಿದೆಗೆ ಕಟ್ಟಿದರೆ ಮಾತ್ರ ಬಡ್ಡಿಯಿಲ್ಲ. ಫೀಗೆ ಹೋದ ದುಡ್ಡು ಸುಗ್ಗಿಯಲ್ಲಿ ಮರಳಿ ಬರುತ್ತದೆಯೇ?

ದುಡ್ಡಿಗಿಂತ ದೊಡ್ಡ ಋಣ ಮನೆಯೊಳಗಿನದು. ನಮ್ಮ ಭೂಮಿ ಹೆಚ್ಚಾಗಿ ಒಟ್ಟು ಕುಟುಂಬದ್ದು. ಅಣ್ಣನ ಮೆಡಿಕಲ್ಲಿಗೆ ಹೊಲ ಒತ್ತೆ ಬಿದ್ದಾಗ ತಮ್ಮ ಎತ್ತಿನ ಹಿಂದೆ ಇರುತ್ತಾನೆ. ಅವನಿಗೂ ರುಜು ಹಾಕಿಸುತ್ತಾರೆ, ತವರಿಗೆ ಬಂದ ಅಕ್ಕತಂಗಿಯರಿಗೂ ರುಜು ಹಾಕಿಸುತ್ತಾರೆ. ಅವರ ಪಾಲು ಅದರಲ್ಲಿದೆ ಅಂತ ಯಾರೂ ಬಿಡಿಸಿ ಹೇಳುವುದಿಲ್ಲ. ಅಣ್ಣ ಬೆಂಗಳೂರಿನಲ್ಲಿ ಮನೆ ಮಾಡುತ್ತಾನೆ. ಕಂತಿನ ನೋಟೀಸು ಊರಿಗೆ ಬರುತ್ತದೆ, ಯಾಕಂದರೆ ವಿಳಾಸ ಊರಿನದು. ತಮ್ಮ ಫೋನು ಮಾಡಿದರೆ ಅತ್ತಿಗೆ "ಅವರು ಡ್ಯೂಟಿಯಾಗ ಅದಾರ" ಅನ್ನುತ್ತಾಳೆ. ಇಂಥ ಪಂಚಾಯಿತಿಗೆ ನಾನು ಮೂರು ಸಲ ಕೂತಿದ್ದೇನೆ. 2020ರಲ್ಲಿ ಭೂಸುಧಾರಣಾ ಕಾಯ್ದೆ ತಿದ್ದಿ ಬೇಸಾಯಗಾರ ಅಲ್ಲದವರೂ ಹೊಲ ಕೊಳ್ಳಬಹುದು ಅಂತ ಮಾಡಿದ ಮೇಲೆ ಕೊಳ್ಳುವವರು ಬಾಗಿಲಿಗೇ ಬರುತ್ತಿದ್ದಾರೆ. ಮಾರುವುದು ಸುಲಭವಾಗಿದೆ, ಅದೇ ನನ್ನ ಭಯ.

ಇದಕ್ಕೆ ಪರಿಹಾರ ಅಂತ ಬೀಗರ ದುಡ್ಡು ನೆಚ್ಚುವವರೂ ಇದ್ದಾರೆ. ಸೀಟಿನ ಖರ್ಚನ್ನು ಹೆಣ್ಣಿನ ಅಪ್ಪ ಕೊಡುತ್ತಾನೆ, ಮದುವೆ ಇಂಟರ್ನ್‌ಶಿಪ್ ಮುಗಿದ ಮೇಲೆ. ಅಲ್ಲೂ ಒಬ್ಬ ರೈತನೇ ಹೊಲ ಮಾರುತ್ತಾನೆ ಅನ್ನುವುದನ್ನು ಮರೆಯಬಾರದು. ಹುಡುಗನನ್ನು ಹರಾಜಿಗೆ ಇಟ್ಟ ಹಾಗೆ ಇದು, ಮತ್ತು ವರದಕ್ಷಿಣೆ ಅಪರಾಧ.

ವಿದೇಶ ಅಗ್ಗ ಅನ್ನುವವರಿಗೆ ಒಂದು ನೆನಪು. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಸತ್ತ ಮೆಡಿಕಲ್ ವಿದ್ಯಾರ್ಥಿ ನಮ್ಮ ಪಕ್ಕದ ಹಾವೇರಿ ಜಿಲ್ಲೆಯ ಚಳಗೇರಿಯವನು. ಪಿಯುಸಿಯಲ್ಲಿ ಒಳ್ಳೆಯ ಅಂಕ ಬಂದಿದ್ದ ಹುಡುಗ. ಇಲ್ಲಿನ ಫೀ ಅಲ್ಲಿಗೆ ಅಟ್ಟಿತು. ಯುದ್ಧ ಎಲ್ಲಾ ಕಡೆ ಇರುವುದಿಲ್ಲ ನಿಜ. ಆದರೆ 2021ರ ನವೆಂಬರಿನ ನಿಯಮ ಎಲ್ಲಾ ಕಡೆಗೂ ಇದೆ: ಕನಿಷ್ಠ 54 ತಿಂಗಳ ಪಾಠ, ಇಂಗ್ಲಿಷಿನಲ್ಲೇ, ಅಲ್ಲೇ ಒಂದು ವರ್ಷ ಇಂಟರ್ನ್‌ಶಿಪ್, ಬಂದ ಮೇಲೆ ಇಲ್ಲಿನ ಪರೀಕ್ಷೆ, ಆಮೇಲೆ ಇಲ್ಲಿ ಮತ್ತೊಂದು ವರ್ಷ ಇಂಟರ್ನ್‌ಶಿಪ್. ಹೋಗುವ ಮೊದಲು ನೀಟ್ ಪಾಸಾಗಿರಲೇಬೇಕು. ಆ ಇಲ್ಲಿನ ಪರೀಕ್ಷೆಯಲ್ಲಿ ಬರೆದವರ ಪೈಕಿ ಮುಕ್ಕಾಲು ಪಾಲು ಜನ ಫೇಲಾಗುವುದು ಸಾಮಾನ್ಯ. ಏಜೆಂಟನ ಬಣ್ಣದ ಪುಸ್ತಕದಲ್ಲಿ ಇದು ಅಚ್ಚಾಗಿರುವುದಿಲ್ಲ.

ಸರ್ಕಾರಿ ಸೀಟಿಗೂ ಒಂದು ಕಟ್ಟುಪಾಡು ಇದೆ, ಹಳ್ಳಿ ಸೇವೆ. 2012ರ ಕಾಯ್ದೆ ಪ್ರಕಾರ ಒಂದು ವರ್ಷ ಸರ್ಕಾರ ಹೇಳಿದಲ್ಲಿ ಕೆಲಸ ಮಾಡಬೇಕು, ತಪ್ಪಿದರೆ ಲಕ್ಷಗಟ್ಟಲೆ ದಂಡ. ಈಚೆಗೆ ತಿದ್ದುಪಡಿ ಆಗಿ, ಹುದ್ದೆ ಖಾಲಿ ಇದ್ದಷ್ಟು ಜನರಿಗೆ ಅಂತ ಸಡಿಲ ಮಾಡಿದ್ದಾರೆ. ಇದನ್ನು ಹೊರೆ ಅನ್ನುವವರ ಜೊತೆ ನನ್ನ ಜಗಳ ಇದೆ. 2022ರಲ್ಲಿ ನಮ್ಮ ಉತ್ತರ ಕನ್ನಡದ ಜನ ಒಳ್ಳೆಯ ಆಸ್ಪತ್ರೆ ಬೇಕು ಅಂತ ಬೀದಿಗೆ ಇಳಿದದ್ದು ಯಾಕೆ? ಹಾವು ಕಡಿದರೆ, ಹೆರಿಗೆ ತೊಡಕಾದರೆ ಗಾಡಿ ಹುಬ್ಬಳ್ಳಿಯ ಕಡೆಗೇ ಮುಖ ಮಾಡುತ್ತದೆ. ಅರವತ್ತು ಲಕ್ಷ ಸುರಿದು ಡಾಕ್ಟರ್ ಆದವನು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದು ಕೂರುತ್ತಾನೆಯೇ? ಬಂದರೂ ಆ ಅರವತ್ತು ಲಕ್ಷವನ್ನು ಯಾರ ಜೇಬಿನಿಂದ ತೆಗೆಯುತ್ತಾನೆ? ಫೀ ಏರಿದಷ್ಟೂ ಡಾಕ್ಟರು ನಮ್ಮಿಂದ ದೂರ ಹೋಗುತ್ತಾನೆ, ಹತ್ತಿರ ಇದ್ದರೂ ದುಬಾರಿ ಆಗುತ್ತಾನೆ.

ನಮ್ಮ ಕೈಯಲ್ಲಿ ಇರುವುದೂ ಕೆಲವು ಇವೆ. ಒಂದನೇ ಇಯತ್ತೆಯಿಂದ ಹತ್ತರವರೆಗೆ ಪೂರಾ ಹಳ್ಳಿ ಶಾಲೆಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿ ನೂರಕ್ಕೆ ಹದಿನೈದು, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಐದು. ಐದನೇ ಇಯತ್ತೆಗೇ ಹುಡುಗನನ್ನು ಹುಬ್ಬಳ್ಳಿಯ ಇಂಗ್ಲಿಷ್ ಶಾಲೆಗೆ ಹಾಕಿ, ಬಸ್ಸಿಗೂ ರೂಮಿಗೂ ದುಡ್ಡು ಸುರಿದು, ಆ ಎರಡೂ ಹಕ್ಕನ್ನು ಕಳೆದುಕೊಂಡವರು ನಮ್ಮಲ್ಲಿ ಬಹಳ. ಪಟ್ಟಣ ಪಂಚಾಯಿತಿಯ ಊರು ಹಳ್ಳಿ ಲೆಕ್ಕಕ್ಕೆ ಬರುವುದಿಲ್ಲ, ಶಾಲೆಗೆ ಸೇರಿಸುವಾಗಲೇ ಬಿಇಒ ಕಚೇರಿಯಲ್ಲಿ ಕೇಳಿಕೊಳ್ಳಿ. ಸರ್ಕಾರಿ ಕಾಲೇಜು ಹುಬ್ಬಳ್ಳಿಯಲ್ಲಿ ಇದೆ, ನಮ್ಮದೇ ಜಿಲ್ಲೆಯ ಕಾರವಾರದಲ್ಲಿ ಇದೆ, ಹಾವೇರಿಯಲ್ಲೂ ಆಗಿದೆ. ಒಂದು ವರ್ಷ ಕಾದು ಮತ್ತೆ ಪರೀಕ್ಷೆ ಬರೆದು ಸರ್ಕಾರಿ ಸೀಟು ಹಿಡಿದರೆ ಆ ಒಂದು ವರ್ಷ ನಷ್ಟವಲ್ಲ. ಎರಡು ಸಲ ಬರೆದರೂ ಆಗದಿದ್ದರೆ ನರ್ಸಿಂಗ್ ಉಂಟು, ಫಾರ್ಮಸಿ ಉಂಟು, ಪಶುವೈದ್ಯ ಉಂಟು, ಕೃಷಿ ಪದವಿ ಉಂಟು. ನಮ್ಮ ಎಮ್ಮೆಗೆ ಡಾಕ್ಟರು ಸಿಗುವುದೂ ಅಷ್ಟೇ ಕಷ್ಟವಾಗಿದೆ.

ಕೊನೆಗೆ ಆಪ್ಷನ್ ತುಂಬುವ ವಿಷಯ. ಸೈಬರ್ ಅಂಗಡಿಯ ಹುಡುಗ ಕಾಲೇಜುಗಳ ಪಟ್ಟಿಯನ್ನು ಮೇಲಿನಿಂದ ಕೆಳಗೆ ಒತ್ತಿಬಿಡುತ್ತಾನೆ. ಕಟ್ಟಲಾರದ ಸೀಟು ಆ ಪಟ್ಟಿಯಲ್ಲಿ ಇದ್ದು ಅದೇ ಹಂಚಿಕೆಯಾದರೆ ಬಿಡುವುದಕ್ಕೂ ದಂಡ, ಹಿಡಿಯುವುದಕ್ಕೂ ಸಾಲ. ಅದಕ್ಕೆ ಹಿಂದಿನ ರಾತ್ರಿ ಮನೆಯಲ್ಲಿ ಪಾಲಿರುವ ಎಲ್ಲರೂ, ಹೆಣ್ಣುಮಕ್ಕಳೂ, ಹೊಲದಲ್ಲಿ ದುಡಿಯುವ ತಮ್ಮನೂ ಸೇರಿ ಕೂತು, ಯಾವ ಫೀವರೆಗೆ ಹೋಗಬಹುದು ಅಂತ ಒಂದು ಗೆರೆ ಎಳೆಯಿರಿ. ಹುಡುಗನೂ ಅಲ್ಲಿರಲಿ. ಗೆರೆಯ ಕೆಳಗಿನ ಕಾಲೇಜುಗಳ ಹೆಸರನ್ನು ಒಂದು ಹಾಳೆಯಲ್ಲಿ ಬರೆದು ಸೈಬರ್ ಅಂಗಡಿಗೆ ಒಯ್ಯಿರಿ, ಅಷ್ಟನ್ನೇ ತುಂಬಿಸಿ.