ಕೆರೆ, ರಾಜಕಾಲುವೆ ಕಾಮಗಾರಿಗಳಲ್ಲಿ ವಿನ್ಯಾಸಕಾರರು ಮತ್ತು ಸಂಶೋಧಕರ ಜಂಟಿ ಯೋಜನೆ ಕೋರಿ ಮನವಿ ಪತ್ರ

ಇವರಿಗೆ,
ಮಾನ್ಯ ಮುಖ್ಯ ಆಯುಕ್ತರು,
ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಬೆಂಗಳೂರು

ಮಾನ್ಯರೇ,

ಈ ಮನವಿಗೆ ಸಹಿ ಹಾಕಿರುವವರಲ್ಲಿ ಕೆಲವರು ಉದ್ಯಾನ, ಕೆರೆದಂಡೆಗಳ ನಕ್ಷೆ ಬರೆಯುವ ಭೂದೃಶ್ಯ ವಿನ್ಯಾಸಕಾರರು. ಉಳಿದವರು ಮಳೆ, ಅಂತರ್ಜಲ, ಕೆರೆಯ ಜೀವಜಾಲದ ಸಂಶೋಧಕರು. ನಾವು ಪರಸ್ಪರ ಸಿಗುವುದು ವಿಚಾರ ಸಂಕಿರಣಗಳಲ್ಲಿ, ಅದೂ ಕಾಮಗಾರಿ ಮುಗಿದ ಮೇಲೆ. ನಕ್ಷೆ ಅಂತಿಮವಾಗುವ ಮೊದಲೇ ನಮ್ಮನ್ನು ಒಟ್ಟಿಗೆ ಕೂರಿಸಬೇಕೆಂದು ಕೋರುತ್ತೇವೆ.

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನ ಮಳೆನೀರು ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ, ವೃಷಭಾವತಿ ಕಣಿವೆಗಳಿಗೆ ಇಳಿಯುತ್ತದೆ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೋಗಬೇಕು. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆಯ ಆಸುಪಾಸಿನ ಬಡಾವಣೆಗಳು ಮುಳುಗಿದವು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಜನ ಟ್ಯಾಂಕರ್‌ಗೆ ಕಾದರು. ಇಷ್ಟಾದರೂ ನೆರೆಗೊಂದು, ಬರಕ್ಕೊಂದು ಟೆಂಡರ್ ಕರೆಯುವ ಪದ್ಧತಿ ನಿಂತಿಲ್ಲ.

ನಮ್ಮ ಕೆರೆಗಳ ರಚನೆಯನ್ನು ತಾವು ಗಮನಿಸಬೇಕು. ಇಳಿಜಾರಿಗೆ ಅಡ್ಡಲಾಗಿ ಒಂದೇ ಕಡೆ ಏರಿ. ಉಳಿದ ಕಡೆಗಳಿಂದ ನೀರು ತಾನಾಗಿ ಒಳಗಿಳಿಯಬೇಕು. ವಾಯುವಿಹಾರದ ಪಥಕ್ಕೆಂದು ಸುತ್ತಲೂ ಮಣ್ಣು ಏರಿಸಿದರೆ ಪಕ್ಕದ ಬೀದಿಯ ಮಳೆನೀರಿಗೆ ಕೆರೆಯ ದಾರಿ ಮುಚ್ಚಿ, ಅದು ಮನೆಗಳಿಗೆ ನುಗ್ಗುತ್ತದೆ. ಹೂಳೆತ್ತುವಾಗ ಅಂಚನ್ನು ಕಡಿದಾಗಿ ಕತ್ತರಿಸಿದರೆ ಜೊಂಡಿಗೆ ಬೇರೂರಲು ತೆಳುನೀರು ಉಳಿಯದು, ಕೊಕ್ಕರೆಗೆ ಕಾಲೂರಲು ಜಾಗ ಸಿಗದು. ನಕ್ಷೆಯಲ್ಲಿ ಮಾತ್ರ ಎಲ್ಲ ಅಂದವಾಗಿ ಕಾಣುತ್ತದೆ. ಜಲವಿಜ್ಞಾನಿಯೊಬ್ಬರು ಅದನ್ನು ಮೊದಲೇ ನೋಡಿದರೆ ನೀರು ಬರುವ ತಾವುಗಳನ್ನು ಗುರುತಿಸಿ, ಅಲ್ಲಿ ಪಥವನ್ನು ತಗ್ಗಿಸಲೋ ಮೋರಿ ಇಡಲೋ ಹೇಳುತ್ತಾರೆ. ಸಂಶೋಧಕರ ಕಡೆಯೂ ಕೊರತೆಯಿದೆ: ಮಟ್ಟ, ಅಗಲ, ಇಳಿಜಾರು ಎಂದು ವಿನ್ಯಾಸಕಾರ ಕೇಳುವ ಲೆಕ್ಕ ಎಷ್ಟೋ ವರದಿಗಳಲ್ಲಿ ಇರುವುದೇ ಇಲ್ಲ.

ಆದ್ದರಿಂದ ಇಂಥ ಕಾಮಗಾರಿಗಳ ವಿವರವಾದ ಯೋಜನಾ ವರದಿ, ಅಂದರೆ ಡಿಪಿಆರ್‌ಗೆ, ಟೆಂಡರ್ ಕರೆಯುವ ಮುನ್ನ, ವಿನ್ಯಾಸಕಾರ, ಜಲವಿಜ್ಞಾನಿ, ಜೀವಪರಿಸರ ತಜ್ಞ ಮೂವರೂ ಸಹಿ ಹಾಕುವುದನ್ನು ಕಡ್ಡಾಯ ಮಾಡಬೇಕು. ಅವರ ಶುಲ್ಕ ಅಂದಾಜು ಪಟ್ಟಿಯಲ್ಲೇ ಸೇರಿರಬೇಕು. ಬಿಟ್ಟಿ ಸಿಕ್ಕ ಸಲಹೆ ಕಡತದಲ್ಲೇ ಉಳಿಯುತ್ತದೆಂಬುದು ಕಚೇರಿಗಳಿಗೆ ಹೊಸ ವಿಷಯವೇನಲ್ಲ.

ರಾಜಕಾಲುವೆಗಳಲ್ಲಿ ಈ ಜಂಟಿ ಲೆಕ್ಕ ಇನ್ನೂ ಅಗತ್ಯ. ನುಣುಪು ಕಾಂಕ್ರೀಟ್ ನೀರನ್ನು ಬೇಗ ಸಾಗಿಸಿ ನೆರೆಯನ್ನು ಕೆಳಗಿನ ಬಡಾವಣೆಗೆ ದಾಟಿಸುತ್ತದೆ, ತಳದಲ್ಲಿ ಇಂಗಲು ಬಿಡುವುದಿಲ್ಲ. ಗಿಡ ನೆಟ್ಟ ದಡ ವೇಗ ತಗ್ಗಿಸುತ್ತದೆ. ಆದರೆ ಅಷ್ಟೇ ನೀರಿಗೆ ಆಗ ಹೆಚ್ಚು ಅಗಲ ಬೇಕು. ಆ ಅಗಲವನ್ನು ನಿರ್ಧರಿಸಲು ದಿನದ ಒಟ್ಟು ಮಳೆ ಸಾಲದು, ಗಂಟೆಯೊಳಗೆ ಸುರಿದದ್ದು ತಿಳಿಯಬೇಕು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳ ಅಂಕಿಅಂಶವನ್ನು ಪ್ರತಿ ಯೋಜನೆಗೂ ಒದಗಿಸಬೇಕು.

ನಿರ್ವಹಣೆಗೂ ಹಣ ಮೀಸಲಿಡಬೇಕು. ಜಕ್ಕೂರು ಕೆರೆಗೆ ಶುದ್ಧೀಕರಣ ಘಟಕದ ನೀರು ಜೊಂಡಿನ ಜೌಗಿನ ಮೂಲಕ ಸೇರುವ ಏರ್ಪಾಡಿದೆ. ಇಂಥ ಕಡೆ ಸಸ್ಯಗಳನ್ನು ಆಗಾಗ ಕಟಾವು ಮಾಡದಿದ್ದರೆ ಅವು ಕೊಳೆತು, ಹೀರಿಕೊಂಡ ಪೋಷಕಾಂಶವೆಲ್ಲ ಮತ್ತೆ ನೀರಿಗೇ ಸೇರುತ್ತದೆ. ಕಟಾವು ಯಾರದ್ದು, ಯಾವಾಗ ಎಂಬುದು ಗುತ್ತಿಗೆಯಲ್ಲೇ ಬರೆದಿರಬೇಕು.

ಮೊದಲ ಹಂತದಲ್ಲಿ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕಾಮಗಾರಿಗಳಿಗೆ ಈ ಕ್ರಮ ಜಾರಿಗೊಳಿಸಿ, ಚರ್ಚೆಗೆ ದಿನಾಂಕ ನೀಡಬೇಕೆಂದು ವಿನಂತಿಸುತ್ತೇವೆ. ಅಳತೆ, ನಕ್ಷೆಗಳೊಂದಿಗೆ ಹಾಜರಾಗಲು ಸಿದ್ಧರಿದ್ದೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಸಹಿ ಮಾಡಿರುವ ವಿನ್ಯಾಸಕಾರರು ಮತ್ತು ಸಂಶೋಧಕರು