ಪ್ರಾರ್ಥನೆಯ ಮನೆಯೂ ದುಡಿಮೆಯ ಮನೆಯೂ

ಮಂಗಳೂರಿನ ಜೆಪ್ಪು, ಬಲ್ಮಠಗಳ ಕಡೆ ಆದಿತ್ಯವಾರ ಬೆಳಿಗ್ಗೆ ಹಾದುಹೋಗುವವರಿಗೆ ದೇವಾಲಯಗಳ ಒಳಗಿಂದ ಕನ್ನಡ ಕೀರ್ತನೆಗಳು ಕೇಳಿಸುತ್ತವೆ. ರೊಸಾರಿಯೊ, ಮಿಲಾಗ್ರಿಸ್ ಇಗರ್ಜಿಗಳ ವಿಸ್ತಾರವಾಗಲಿ ಜನಸಂದಣಿಯಾಗಲಿ ಇವುಗಳಲ್ಲಿ ಹೆಚ್ಚಿನವಕ್ಕೆ ಇಲ್ಲ. ಬಾಸೆಲ್ ಮಿಶನಿನಿಂದ ಹುಟ್ಟಿ ಇಂದು ದಕ್ಷಿಣ ಭಾರತ ಸಭೆಗೆ ಸೇರಿರುವ ಈ ಸಭೆಗಳೂ, ಬಾಡಿಗೆ ಕೋಣೆಗಳಲ್ಲಿ ಕೂಡುವ ಇನ್ನೂ ಚಿಕ್ಕ ಪ್ರಾರ್ಥನಾ ಗುಂಪುಗಳೂ ಊರವರ ನಡುವೆ ಮಾಡುವ ಸೇವೆಯ ಬಗ್ಗೆ ಎರಡು ಬಗೆಯ ಮಾತುಗಳು ಪೇಟೆಯಲ್ಲಿ ಹಬ್ಬಿವೆ. ಇದೆಲ್ಲ ಮತಾಂತರಕ್ಕೆ ಒಡ್ಡಿದ ಗಾಳ ಎಂಬುದು ಒಂದು. ಇದು ದೇವರ ಕೆಲಸ, ಹೊರಗಿನವರು ಪ್ರಶ್ನಿಸತಕ್ಕದ್ದಲ್ಲ ಎಂಬುದು ಇನ್ನೊಂದು. ನಾವು ಎರಡನ್ನೂ ಒಪ್ಪುವುದಿಲ್ಲ. ಮಠವೇ ಇರಲಿ, ಮಸೀದಿಯೇ ಇರಲಿ, ಇಗರ್ಜಿಯೇ ಇರಲಿ, ಅದರ ಸಮಾಜಸೇವೆಯನ್ನು ಅಳೆಯಲು ದುಡಿಯುವವರಿಗೆ ಒಂದೇ ಅಳತೆಗೋಲು ಸಾಕು. ಬಡವನ ಕೈಗೆ ಏನು ಬಂತು? ಅದಕ್ಕಾಗಿ ಅವನು ಏನನ್ನು ತೆರಬೇಕಾಯಿತು?

ಈ ಲೆಕ್ಕ ಹಾಕುವುದಕ್ಕೆ ನಮ್ಮ ಊರಿನಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಸಂಸ್ಥೆಯಿಂದ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು. ಅವರು ಬಂದದ್ದು ಸುವಾರ್ತೆ ಸಾರಲಿಕ್ಕೆ, ಕಾರ್ಖಾನೆ ಕಟ್ಟಲಿಕ್ಕಲ್ಲ. ಆದರೆ ಅವರ ಮಾತು ಕೇಳಿ ಸ್ನಾನದೀಕ್ಷೆ ಪಡೆದವರ ಹೊಟ್ಟೆಯ ಪ್ರಶ್ನೆ ಬಹುಬೇಗನೆ ಎದುರಾಯಿತು. ಹಾಗೆ ಸೇರಿದವರಲ್ಲಿ ಬಹುಮಂದಿ ಬಿಲ್ಲವರು. ಶೇಂದಿ ಇಳಿಸುವ ಕಸುಬು ಮಿಶನಿಗೆ ಒಪ್ಪಿಗೆಯಾಗುವಂಥದ್ದಲ್ಲ. ಧಣಿಯ ಗೇಣಿ ಭೂಮಿಯಲ್ಲಿದ್ದವನಿಗೆ ಮತ ಬದಲಿಸಿದ ಮೇಲೆ ಆ ಭೂಮಿ ಉಳಿಯುವ ಭರವಸೆ ಇರಲಿಲ್ಲ. ಜಾತಿಯವರು ಕೈಬಿಟ್ಟರು, ಕಸುಬು ತಪ್ಪಿತು, ಮನೆ ಹೋಯಿತು. ಇಂಥವನಿಗೆ ಪ್ರಾರ್ಥನೆ ಕಲಿಸಿದರೆ ಮಾತ್ರ ಸಾಲದು, ಗಂಜಿಗೂ ದಾರಿ ಮಾಡಬೇಕು ಎಂಬುದು ಪಾದ್ರಿಗಳಿಗೆ ಅನುಭವದಿಂದಲೇ ತಿಳಿಯಿತು.

ಹಾಗೆ ಹುಟ್ಟಿದ್ದು ಮಿಶನಿನ ಉದ್ಯಮಗಳು. 1841ರಲ್ಲಿ ಬಲ್ಮಠದಲ್ಲಿ ಅಚ್ಚುಕೂಟ ಬಂತು. 1843ರ ಜುಲೈ 1ರಂದು ಹೆರ್ಮನ್ ಮೊಗ್ಲಿಂಗ್ ಅವರು ಕನ್ನಡದ ಮೊದಲನೆಯ ಪತ್ರಿಕೆಯಾದ 'ಮಂಗಳೂರು ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದರು. ಪತ್ರಿಕೆ ನಡೆಸುವ ನಾವು ಆ ಋಣವನ್ನು ಮರೆತರೆ ಕೃತಘ್ನರಾಗುತ್ತೇವೆ. 1851ರ ಸುಮಾರಿಗೆ ಹಾಲರ್ ಎಂಬವರ ಮೇಲ್ವಿಚಾರಣೆಯಲ್ಲಿ ನೇಯ್ಗೆಯ ಕಾರ್ಖಾನೆ ಬೆಳೆಯಿತು. ಖಾಕಿ ಬಣ್ಣದ ಹೆಸರಿನ ಜೊತೆಗೆ ಈ ಮಗ್ಗಗಳ ಹೆಸರೂ ಸೇರಿಕೊಂಡಿದೆ. 1865ರಲ್ಲಿ ಪ್ಲೆಬ್ಸ್ಟ್ ಎಂಬವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಹತ್ತು ಹನ್ನೆರಡು ಮಂದಿ ಆಳುಗಳಿಂದಲೂ ಎತ್ತುಗಳಿಂದಲೂ ಸುರುವಾದ ಆ ಕೆಲಸ ಮುಂದೆ ಮಂಗಳೂರು ಹಂಚಿನ ಹೆಸರನ್ನು ಕಡಲಾಚೆಯ ದೇಶಗಳಿಗೂ ಮುಟ್ಟಿಸಿತು. ನೇತ್ರಾವತಿ, ಗುರುಪುರ ಹೊಳೆಗಳ ದಡದ ಜೇಡಿಮಣ್ಣು ದೋಣಿಗಳಲ್ಲಿ ಬಂತು. ಅದನ್ನು ಅರೆದು, ಅಚ್ಚಿಗೆ ಒತ್ತಿ, ನೆರಳಿನಲ್ಲಿ ಒಣಗಿಸಿ, ಗೂಡಿನಲ್ಲಿ ಸುಟ್ಟು ಹಂಚು ಮಾಡಿದವರು ನಮ್ಮ ಊರಿನ ಹೆಂಗಸರು ಗಂಡಸರು. ಮಿಶನಿನವರನ್ನು ನೋಡಿ ಊರಿನ ಬಂಡವಾಳಗಾರರೂ ಹಂಚಿನ ಕಾರ್ಖಾನೆಗಳನ್ನು ಹಾಕಿದರು. ಒಂದು ಸಣ್ಣ ಸಭೆ ತನ್ನ ನಿರ್ಗತಿಕ ಸದಸ್ಯರಿಗೆ ಕೆಲಸ ಹುಡುಕಹೋಗಿ ಜಿಲ್ಲೆಗೇ ಒಂದು ಕೈಗಾರಿಕೆ ಒದಗಿತು ಎಂದರೆ ಅತಿಶಯೋಕ್ತಿಯಾಗಲಾರದು.

ಇದು ಜಮೆಯ ಬದಿ. ಖರ್ಚಿನ ಬದಿಯನ್ನೂ ನೋಡತಕ್ಕದ್ದು ನಮ್ಮ ಕರ್ತವ್ಯ. ಮಿಶನಿನ ಕಾರ್ಖಾನೆಯಲ್ಲಿ ಕೂಲಿ ಕೊಡುವ ಕೈ, ವಾಸಕ್ಕೆ ಮನೆ ಕೊಡುವ ಕೈ, ಮಕ್ಕಳನ್ನು ಶಾಲೆಗೆ ಸೇರಿಸುವ ಕೈ, ಸಭೆಯಲ್ಲಿ ಶಿಸ್ತು ವಿಧಿಸುವ ಕೈ ಎಲ್ಲವೂ ಒಂದೇ ಸಂಸ್ಥೆಯವು. ಆದಿತ್ಯವಾರ ಯಾರ ಎದುರು ತಲೆಬಾಗಿ ಕೂತಿದ್ದನೋ ಅವರ ಕಡೆಯವರನ್ನೇ ಸೋಮವಾರ ಕೂಲಿ ಹೆಚ್ಚಿಸಿರೆಂದು ಕೇಳಬೇಕಾದ ಕಾರ್ಮಿಕನ ಸಂಕೋಚ ಎಷ್ಟಿರಬಹುದೆಂದು ನಮ್ಮ ಓದುಗರು ಊಹಿಸಿಕೊಳ್ಳಬಲ್ಲರು. ಪಾದ್ರಿಗಳ ಸದುದ್ದೇಶವನ್ನು ನಾವು ಶಂಕಿಸುವುದಿಲ್ಲ. ಆದರೆ ಮಾಲಕ ಎಷ್ಟೇ ದಯಾಳುವಾಗಿದ್ದರೂ ಮಾಲಕನೇ. ದಯೆಯಿಂದ ಕೊಟ್ಟದ್ದನ್ನು ಮನಸ್ಸು ಬದಲಾದಾಗ ಹಿಂದಕ್ಕೆ ತೆಗೆದುಕೊಳ್ಳಲೂ ಬರುತ್ತದೆ. ಸಂಘಟಿತರಾಗಿ ಪಡೆದ ಹಕ್ಕನ್ನು ಹಾಗೆ ಕಿತ್ತುಕೊಳ್ಳುವುದು ಅಷ್ಟು ಸುಲಭವಲ್ಲ.

ಮೊದಲನೆಯ ಮಹಾಯುದ್ಧ ಬಂದಾಗ ಈ ಪಾಠ ಕಣ್ಣಿಗೆ ಕಟ್ಟುವಂತಾಯಿತು. ಜರ್ಮನ್ ಪಾದ್ರಿಗಳನ್ನು ಬ್ರಿಟಿಷ್ ಸರಕಾರ ಬಂಧನದಲ್ಲಿಟ್ಟಿತು, ಊರಿಗೆ ಕಳುಹಿಸಿತು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಕಂಪೆನಿಯ ವಶವಾದುವು. ತಮ್ಮ ಸಭೆಯ ಕಾರ್ಖಾನೆಯೆಂದು ನಂಬಿ ತಲೆಮಾರುಗಟ್ಟಲೆ ಮಣ್ಣು ಮಿದಿದವರನ್ನು ಯಾರೂ ಒಂದು ಮಾತು ಕೇಳಲಿಲ್ಲ. ಯಜಮಾನರು ಬದಲಾದರು, ಗೂಡಿನ ಬಿಸಿ ಬದಲಾಗಲಿಲ್ಲ.

ಇಂದು ಆ ಗೂಡುಗಳಲ್ಲಿ ಹೆಚ್ಚಿನವು ಆರಿಹೋಗಿವೆ. ಕಾಂಕ್ರೀಟು ಮಾಡು ಬಂತು, ಮಣ್ಣು ಸಿಕ್ಕುವುದು ಕಷ್ಟವಾಯಿತು, ಸೌದೆಯ ಕ್ರಯ ಏರಿತು. ಹಂಚಿನ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದುವು. ಕೆಲಸ ಕೊಡುವ ಶಕ್ತಿ ಸಣ್ಣ ಸಭೆಗಳಿಗೆ ಈಗ ಇಲ್ಲ. ಅನೇಕರು ಇದನ್ನು ಸಭೆಯ ಬಡತನವೆಂದು ಕೊರಗುವುದನ್ನು ನಾವು ಕೇಳಿದ್ದೇವೆ. ನಮ್ಮ ಅಭಿಪ್ರಾಯ ಬೇರೆ. ಕೂಲಿಯ ಚೀಲ ಕೈಬಿಟ್ಟುಹೋದ ಮೇಲೆ ಸಭಾಪಾಲಕನು ದುಡಿಯುವವನ ಎದುರಲ್ಲಿ ನಿಲ್ಲುವ ಬದಲು ಅವನ ಪಕ್ಕದಲ್ಲಿ ನಿಲ್ಲಬಹುದಾಗಿದೆ. ಹಿಂದಿನವರಿಗೆ ಈ ಸ್ವಾತಂತ್ರ್ಯ ಇರಲಿಲ್ಲ.

ಪಕ್ಕದಲ್ಲಿ ನಿಂತು ಮಾಡುವುದೇನು? ದೊಡ್ಡ ಹಣ ಬೇಡ. ಬೆಳೆಹಬ್ಬದ ದಿನ ತೆಂಗಿನಕಾಯಿ, ಬಾಳೆಗೊನೆ ಏಲಂ ಮಾಡಿ ಬಂದ ಹಣವೇ ಒಂದು ಒಳ್ಳೆಯ ಕೆಲಸಕ್ಕೆ ಸುರುವಾದೀತು. ವಾರದಲ್ಲಿ ಆರು ದಿನ ಬೀಗ ಹಾಕಿರುವ ಸಭಾಂಗಣವೇ ದೊಡ್ಡ ಆಸ್ತಿ. ಸಂಜೆ ಹೊತ್ತು ಅದನ್ನು ತೆರೆದು ಒಂದು ಮೇಜು, ಎರಡು ಕುರ್ಚಿ ಹಾಕಲಿ. ಪಿ.ಎಫ್. ಖಾತೆಯಲ್ಲಿ ಹೆಸರಿನ ಒಂದಕ್ಷರ ತಪ್ಪಿದ ಕಾರಣ ತನ್ನ ದುಡ್ಡೇ ತನಗೆ ಸಿಕ್ಕದೆ ಅಲೆಯುವ ಗೇರುಬೀಜ ಕಾರ್ಖಾನೆಯ ಹೆಂಗಸು, ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಚೀಟಿ ಮಾಡಿಸಲು ಗೊತ್ತಿಲ್ಲದ ಬಾಗಲಕೋಟೆಯ ಮೇಸ್ತ್ರಿ, ಧಕ್ಕೆಯಲ್ಲಿ ಮೀನು ಹೊರುವ ಒಡಿಶಾದ ಹುಡುಗ, ಬೀಡಿ ಕಟ್ಟಿ ಬೆನ್ನು ಬಾಗಿದ ಅಜ್ಜಿ, ಇವರ ಕಾಗದಪತ್ರ ಬರೆದುಕೊಡಲು ಸಭೆಯಲ್ಲಿರುವ ನಿವೃತ್ತ ಮಾಸ್ತರರೂ ಬ್ಯಾಂಕಿನ ಗುಮಾಸ್ತರೂ ಸಾಕು. ಬಡ್ಡಿಯವನ ಬಾಯಿಗೆ ಬಿದ್ದ ಸಣ್ಣ ಅಂಗಡಿಯವನಿಗೆ ಸಹಕಾರಿ ಬ್ಯಾಂಕಿನ ದಾರಿ ತೋರಿಸುವುದೂ ಸೇವೆಯೇ. ಮಕ್ಕಳಿಗೆ ಓದಲು ದೀಪವೂ ಬೆಂಚೂ ಒದಗಿಸಲಿ.

ಇದಕ್ಕೆ ಒಂದೇ ಷರತ್ತು. ಬಂದವನ ಹೆಸರು ಕೇಳಿ, ಕಷ್ಟ ಕೇಳಿ, ಮತ ಕೇಳಬೇಡಿ. ಮೇಜಿನ ಮೇಲೆ ಅರ್ಜಿಯ ಜೊತೆಗೆ ಪ್ರಚಾರದ ಕರಪತ್ರ ಇಡಬೇಡಿ. ತನ್ನ ನಂಬಿಕೆಯನ್ನು ಸಾರುವ ಹಕ್ಕು ಸಂವಿಧಾನದ 25ನೆಯ ವಿಧಿಯಂತೆ ಪ್ರತಿಯೊಬ್ಬನಿಗೂ ಇದೆ. ಅದನ್ನು ಪ್ರಾರ್ಥನೆಯ ಹೊತ್ತಿನಲ್ಲಿ ಧಾರಾಳವಾಗಿ ಚಲಾಯಿಸಲಿ. ಆದರೆ ಹಸಿದವನು ಕೈ ಚಾಚಿದ ಗಳಿಗೆಯಲ್ಲಿ ಚಲಾಯಿಸಿದರೆ ಅದು ಸೇವೆಯನ್ನೂ ಕೆಡಿಸುತ್ತದೆ, ನಂಬಿಕೆಯನ್ನೂ ಕೆಡಿಸುತ್ತದೆ. ಕುದ್ಮುಲ್ ರಂಗರಾಯರು 1897ರಲ್ಲಿ ಇದೇ ಊರಿನಲ್ಲಿ ದಲಿತೋದ್ಧಾರದ ಮಿಶನ್ ಕಟ್ಟಿದಾಗ, ಮಕ್ಕಳು ಓದಬೇಕು, ನೆಲೆ ಕಾಣಬೇಕು ಎಂಬುದೇ ಅವರ ಹಂಬಲವಾಗಿತ್ತು. ಅವರ ಜಾತಿಯವರೇ ಅವರನ್ನು ಬಹಿಷ್ಕರಿಸಿದರೂ ಅವರು ಹಿಂಜರಿಯಲಿಲ್ಲ. ಆ ಮಾದರಿ ನಮ್ಮ ಕಣ್ಣೆದುರಿಗಿದೆ.

ಸಭೆಗಳಿಗೆ ಇಷ್ಟು ಹೇಳಿದ ಮೇಲೆ ಹೊರಗಿನವರಿಗೂ ಒಂದು ಮಾತು ಹೇಳದಿದ್ದರೆ ಅನ್ಯಾಯವಾದೀತು. 2008ರ ಸೆಪ್ಟೆಂಬರ್ 14ರ ಆದಿತ್ಯವಾರವನ್ನು ಮಂಗಳೂರು ಮರೆಯಲಾರದು. ಮಿಲಾಗ್ರಿಸ್ ಬಳಿಯ ಆರಾಧನಾ ಮಠಕ್ಕೂ ಜಿಲ್ಲೆಯ ಹಲವು ಪ್ರಾರ್ಥನಾ ಮಂದಿರಗಳಿಗೂ ಗುಂಪುಗಳು ನುಗ್ಗಿ ಧ್ವಂಸ ಮಾಡಿದುವು. ಮತಾಂತರ ತಡೆಯುವುದಕ್ಕೆಂದು ಹೇಳಿಕೊಂಡರು. ನ್ಯಾಯಮೂರ್ತಿ ಸೋಮಶೇಖರ ಅವರ ಆಯೋಗ ಕೂತು 2011ರಲ್ಲಿ ವರದಿ ಕೊಟ್ಟಿತು; ಅದರ ತೀರ್ಮಾನಗಳಿಂದ ಕ್ರೈಸ್ತ ಸಮಾಜಕ್ಕೆ ಸಮಾಧಾನವಾಗಲಿಲ್ಲ. ಆ ದಿನಗಳಲ್ಲಿ ನಿಷೇಧಾಜ್ಞೆ ಬಂತು, ಅಂಗಡಿಗಳು ಮುಚ್ಚಿದುವು. ಕೈಗಾಡಿಯವನಿಗೂ ದಿನಗೂಲಿಯವನಿಗೂ ಆದ ನಷ್ಟವನ್ನು ಯಾವ ಆಯೋಗ ತುಂಬಿಕೊಟ್ಟಿತು? ಕಲ್ಲೆಸೆದವರ ಪೈಕಿ ದೊಡ್ಡ ಮಾಲಕರ ಮಕ್ಕಳನ್ನು ಕಾಣುವುದು ಅಪರೂಪ. ಎಸೆಯಲು ಕೆಲಸವಿಲ್ಲದ ಬಡವರ ಮಕ್ಕಳು ಬೇಕು, ಏಟು ತಿನ್ನಲೂ ಬಡವರ ಮಕ್ಕಳೇ ಬೇಕು.

2022ರಲ್ಲಿ ರಾಜ್ಯ ಸರಕಾರ ತಂದ ಮತಾಂತರ ತಡೆ ಕಾಯಿದೆಯು 'ಆಮಿಷ'ದ ಪಟ್ಟಿಯಲ್ಲಿ ಉದ್ಯೋಗವನ್ನೂ ಧಾರ್ಮಿಕ ಸಂಸ್ಥೆಯ ಶಾಲೆಯ ಉಚಿತ ವಿದ್ಯೆಯನ್ನೂ ಸೇರಿಸಿತು. ಅದನ್ನು ಹಿಂದಕ್ಕೆ ಪಡೆಯುವುದಾಗಿ 2023ರ ಜೂನಿನಲ್ಲಿ ಮುಂದಿನ ಸರಕಾರದ ಸಂಪುಟ ತೀರ್ಮಾನಿಸಿತು. ಕಾಯಿದೆಯ ಗತಿ ಏನೇ ಇರಲಿ, ನಮ್ಮ ಪ್ರಶ್ನೆ ಇದು: ಉದ್ಯೋಗವೂ ವಿದ್ಯೆಯೂ ಆಮಿಷವಾಗುವಷ್ಟು ದುರ್ಲಭವಾದದ್ದು ಯಾರ ತಪ್ಪಿನಿಂದ? ಸರಕಾರಿ ಶಾಲೆ ಚೆನ್ನಾಗಿದ್ದು, ವೆನ್ಲಾಕ್ ಆಸ್ಪತ್ರೆಯಲ್ಲಿ ಬಡವನಿಗೆ ಹಾಸಿಗೆಯೂ ಔಷಧಿಯೂ ತಪ್ಪದೆ ಸಿಕ್ಕಿ, ದುಡಿಯುವ ಕೈಗೆ ಕೆಲಸವಿದ್ದರೆ ಯಾವ ಗಾಳಕ್ಕೆ ಯಾವ ಮೀನು ಬಿದ್ದೀತು? ತನ್ನ ಕರ್ತವ್ಯ ಮಾಡದ ಸರಕಾರ, ಮಾಡಹೊರಟವನ ಮೇಲೆ ಸಂಶಯಪಡುವುದು ನಾಚಿಕೆಗೇಡು. ಹಾಗೆಂದು ಸಭೆಗಳ ದಾನಧರ್ಮ ಸರಕಾರದ ಹೊಣೆಗೆ ಬದಲಿಯಾಗಲಾರದು. ಉಚಿತ ಔಷಧಿ ಶಿಬಿರ ಮಾಡುವ ಸಭೆಯು ಆಸ್ಪತ್ರೆ ಯಾಕೆ ಸಾಲುತ್ತಿಲ್ಲವೆಂದು ಊರವರ ಜೊತೆ ಸೇರಿ ಕೇಳಬೇಕು.

ಕಾರ್ಮಿಕ ಬಂಧುಗಳಲ್ಲಿಯೂ ಚಿಲ್ಲರೆ ವ್ಯಾಪಾರಿಗಳಲ್ಲಿಯೂ ನಮ್ಮ ವಿನಂತಿ ಸರಳವಾದದ್ದು. ನಿಮ್ಮ ವಠಾರದ ಸಣ್ಣ ಸಭೆ ಇಂಥ ಮೇಜನ್ನು ಹಾಕಿದರೆ, ನೀವು ಯಾವ ಮತದವರೇ ಆಗಿರಿ, ಹೋಗಿ ಉಪಯೋಗಿಸಿಕೊಳ್ಳಿ. ನಿಮಗೆ ಗೊತ್ತಿದ್ದದ್ದನ್ನು ಅಲ್ಲಿ ಕೂತು ಇನ್ನೊಬ್ಬರಿಗೆ ಹೇಳಿಕೊಡಿ. ಆ ಬಾಗಿಲಿಗೆ ಯಾರಾದರೂ ಕಲ್ಲು ಹಿಡಿದು ಬಂದರೆ ಸಂಘದ ಸದಸ್ಯರು ಮೊದಲು ಅಲ್ಲಿಗೆ ಓಡಬೇಕು. ಹಂಚು ಒತ್ತಿದ ಕೈಗಳಲ್ಲಿ ಕ್ರಿಸ್ತುವರದೂ ಇತ್ತು, ಬಿಲ್ಲವರದೂ ಬ್ಯಾರಿಗಳದೂ ಇತ್ತು. ಆ ಹಂಚು ಹೊದಿಸಿದ ಮನೆಗಳಲ್ಲಿ ಎಲ್ಲ ಮತದವರೂ ಮಳೆಗಾಲ ಕಳೆದರು. ಸೋರುವ ಕಡೆ ಹಂಚು ಬದಲಿಸುವ ಕೆಲಸವನ್ನು ಈಗಲೂ ಎಲ್ಲರೂ ಸೇರಿಯೇ ಮಾಡಬೇಕಾಗಿದೆ.